ಅಕ್ಕನ ಎಡಪಕ್ಕೆ

ಮೊನ್ನೆ ಅರಸೀಕೆರೆಯ ಲ್ಯಾಬೊಂದರಲ್ಲಿ ಸಕ್ಕರೆ ಪರೀಕ್ಷೆಗೆಂದು ಬರಿಹೊಟ್ಟೆಯಲ್ಲಿ ತೋಳು ಚಾಚಿ ಕುಳಿತಿದ್ದೆ. ಹತ್ತಿಯ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಚಾಚಿದ ತೋಳನ್ನು ಹಿಂದಕ್ಕೆಳೆದುಕೊಂಡೆ. ಸೂಜಿಯ ಭಯವೆಂದು ನೀವು ನಗಬಹುದು. ಅದೂ ಸ್ವಲ್ಪ ಇತ್ತೆನ್ನಿ. ಆದರೆ ನನ್ನ ಪಾಲಿಗೆ ಅದು ನಮ್ಮಕ್ಕ ಕಿಡ್ನಿ ತೆಗೆಸಿಕೊಂಡ ಬೇಸಿಗೆಯ ವಾಸನೆ.

ತೊಂಬತ್ತರ ದಶಕದ ಕೊನೆಯ ಮಾತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಮ್ಮ ತಮ್ಮ ರವಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಗಂಡಸಿಯಲ್ಲಿ ಮೇಷ್ಟರಾಗಿದ್ದ ನನ್ನ ರಕ್ತದ ಗುಂಪು ಹೊಂದಲಿಲ್ಲ. ಮಾದಿಹಳ್ಳಿಗೆ ಕೊಟ್ಟಿದ್ದ ಜಯಕ್ಕನದು ಹೊಂದಿತು. ಭಾವ ದಿನವಿಡೀ ತೋಟದಲ್ಲಿ ಕುಳಿತಿದ್ದು, ಸಂಜೆ ಎದ್ದು ಬಂದು, "ಹಸುಗಳ್ನ ನಾನ್ ನೋಡ್ಕತೀನಿ, ನೀನ್ ಹೋಗ್ಬಾ" ಎಂದರು.

ಯಾರಾದರೂ ಬಲವಂತ ಮಾಡಿದರೇ ಎಂದು ಆಸ್ಪತ್ರೆಯವರು ಅಕ್ಕನೊಬ್ಬಳನ್ನೇ ಕೂರಿಸಿಕೊಂಡು ಕೇಳಿದರಂತೆ. "ಅವನ್ನ ಸೊಂಟದ್ಮೇಲೆ ಹೊತ್ಕಂಡು ಬೆಳ್ಸಿದೋಳು ನಾನು. ನನ್ನ ಯಾರು ಬಲವಂತ ಮಾಡ್ತಾರೆ ಸಾರ್?" ಎಂದಳಂತೆ ಅಕ್ಕ.

ಆಪರೇಷನ್ನಿಗೆಂದು ಬೆಂಗಳೂರಿಗೆ ಹೊರಟ ದಿನ ಅಕ್ಕನದು ದಿಬ್ಬಣ ಹೊರಟವರ ಉತ್ಸಾಹ. ತಿಪಟೂರು ಬರುವಷ್ಟರಲ್ಲಿ ಬೋಗಿಯವರಿಗೆಲ್ಲ, "ನನ್ ತಮ್ಮಂಗೆ ಕಿಡ್ನಿ ಕೊಡಾಕ್ ಹೊಂಟಿವ್ನಿ" ಎಂದು ಸಾರಿಯಾಗಿತ್ತು. ಕೊಡುವುದೇನೂ ಇಲ್ಲದ ನಾನು ಎರಡು ಸಲ ಕಕ್ಕಸಿಗೆ ಹೋಗಿ ಬಂದಿದ್ದೆ.

ಅಕ್ಕನನ್ನು ಮೊದಲು ಒಳಗೆ ಕರೆದೊಯ್ದರು, ಪಕ್ಕದ ಕೋಣೆಗೆ ರವಿಯನ್ನು. ಮಧ್ಯಾಹ್ನ ನರ್ಸಮ್ಮ ಬಾಗಿಲು ತೆರೆದು, "ಜೋಡಿಸಿದ ಕೂಡ್ಲೇ ನಿಮ್ಮ ತಮ್ಮನಿಗೆ ಮೂತ್ರ ಬಂತು ಕಣ್ರೀ!" ಎಂದರು. ನಾನು ಎಸ್‌ಟಿಡಿ ಬೂತಿಗೆ ಓಡಿದೆ. ಊರಿನ ಬೂತಿನಲ್ಲಿ ಬೆಳಗಿನಿಂದ ಕಾದು ಕುಳಿತಿದ್ದ ಭಾವನಿಗೆ, "ಉಚ್ಚೆ ಬಂತು ಭಾವ, ಉಚ್ಚೆ ಬಂತು!" ಎಂದು ಕೂಗಿದೆ. ಹಿಂದೆ ನಿಂತಿದ್ದವರು ನನಗೇ ಅವಸರವೆಂದು ತಿಳಿದು ದಾರಿ ಬಿಟ್ಟರು.

"ಜಯ ಹೆಂಗವ್ಳೆ?" ಎಂದರು ಭಾವ.

ಅದನ್ನು ನಾನು ಕೇಳಿಯೇ ಇರಲಿಲ್ಲ.

ಪಡೆದವರಿಗಿಂತ ಕೊಟ್ಟವರಿಗೇ ನೋವು ಹೆಚ್ಚೆಂದು ಡಾಕ್ಟರು ಮೊದಲೇ ಹೇಳಿದ್ದರು. ನಾವು ಕಿವಿಗೆ ಹಾಕಿಕೊಂಡಿರಲಿಲ್ಲ. ಎಡಪಕ್ಕೆಯಲ್ಲಿ ಗೇಣುದ್ದದ ಗಾಯ. ಕೆಮ್ಮು ಬಂದರೆ ದಿಂಬು ಅವುಚಿಕೊಳ್ಳಬೇಕು. ಮರುದಿನವೇ ಎಬ್ಬಿಸಿ ನಡೆಸಿದರು. ಹೊಟ್ಟೆಯ ಗಾಳಿ ಹೋಗುವ ತನಕ ಅನ್ನವಿಲ್ಲ. ನರ್ಸಮ್ಮ ವಾರ್ಡಿಗೆಲ್ಲ ಕೇಳುವಂತೆ "ಗಾಳಿ ಹೋಯ್ತಾ?" ಎಂದರೆ ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಳು. ಮೂರನೆಯ ದಿನ ಹೋಯಿತು. ಅಕ್ಕಪಕ್ಕದ ಮಂಚದವರೆಲ್ಲ ಮಗು ಹುಟ್ಟಿದಂತೆ ಸಂತೋಷಪಟ್ಟರು.

ಐದನೆಯ ದಿನ ನೋಡಿದರೆ ಗೋಡೆಯ ಕಡೆ ಹೊರಳಿ ಅಳುತ್ತಿದ್ದಾಳೆ.

"ನೋವಾ ಅಕ್ಕ?"

"ಇಲ್ಲ ಕಣೋ. ಬಂದೋರೆಲ್ಲ ಅವನ್ನ ನೋಡಾಕ್ ಹೋಯ್ತಾರೆ. ನಾನೇನು ಬಾಣಂತಿನಾ, ಕಾಯ್ಲೆಯೋಳಾ, ನಂಗೇ ಗೊತ್ತಾಯ್ತಿಲ್ಲ."

ಬಾಚಣಿಗೆ ತಂದು ಅವಳ ತಲೆ ಬಾಚಲು ಕುಳಿತೆ. ಸಿಕ್ಕು ಬಿಡಿಸಹೋಗಿ ಇನ್ನೆರಡು ಗಂಟು ಹಾಕಿದೆ. ಅಕ್ಕ ದಿಂಬು ಅವುಚಿಕೊಂಡು ನಕ್ಕಳು. "ನಗಿಸ್ಬ್ಯಾಡ ಕಣೋ, ಹೊಲಿಗೆ ಬಿಚ್ಕತದೆ!" ಆಮೇಲೆ ರವಿಯನ್ನು ನೋಡಲು ಬಂದವರನ್ನೆಲ್ಲ ಮೊದಲು ಅಕ್ಕನ ಮಂಚಕ್ಕೆ ಕರೆತರುವುದೇ ನನ್ನ ಕೆಲಸವಾಯಿತು.

ಭಾರ ಎತ್ತಬಾರದೆಂದು ಡಾಕ್ಟರ ಅಪ್ಪಣೆ. ಉಳಿದ ರಜೆಯೆಲ್ಲ ಮಾದಿಹಳ್ಳಿಯಲ್ಲಿ ನೀರು ಹೊತ್ತೆ, ಹಾಲು ಕರೆಯಲು ಹೋಗಿ ಹಸುವಿನಿಂದ ಒದೆಸಿಕೊಂಡೆ. ಮೇಷ್ಟರಿಗೆ ಪಾಠ ಹೇಳುವವಳು ಜಗುಲಿಯಲ್ಲಿ ಕುಳಿತಿದ್ದಳು.

ರವಿ ಈಗ ಪಿಂಚಣಿದಾರ. ಅಕ್ಕನೂ ಗಟ್ಟಿಯಾಗಿದ್ದಾಳೆ, ವರ್ಷಕ್ಕೊಮ್ಮೆ ಬಿ.ಪಿ. ನೋಡಿಸಿಕೊಳ್ಳುತ್ತಾಳೆ. ಮೊನ್ನೆ ಲ್ಯಾಬಿನಿಂದ ಹೊರಬಿದ್ದವನು ಮನೆಗೆ ಹೋಗದೆ ಸೀದಾ ಬಸ್ಸು ಹತ್ತಿ ಅವಳ ಮುಂದೆ ನಿಂತೆ. ಇಷ್ಟು ವರ್ಷ ಗಂಟಲಲ್ಲೇ ಇದ್ದದ್ದನ್ನು ಹೇಳಿಬಿಟ್ಟೆ: "ಅಕ್ಕ, ಅವತ್ತು ನನ್ನ ರಕ್ತ ಹೊಂದಲ್ಲ ಅಂದ್ರಲ್ಲ, ನಂಗೆ ಒಳಗೊಳಗೇ ಖುಷಿಯಾಗಿತ್ತು ಕಣೇ."

ಅಕ್ಕ ತಲೆಯೆತ್ತಲಿಲ್ಲ, ಹುರುಳಿ ಆರಿಸುತ್ತಲೇ ಇದ್ದಳು.

"ಗೊತ್ತಿತ್ತು ಬಿಡೋ. ಅವತ್ತು ಓಟ್ಲಲ್ಲಿ ನನ್ ಮುಂದೇನೇ ಎಂಟು ಇಡ್ಲಿ ತಿಂದ್ಯಲ್ಲ."

ಅವಳು ಮೊರ ಬದಿಗಿಟ್ಟು ಎದ್ದಳು.

"ಈಗೇನ್ ಹಸ್ದಿದೀಯೋ, ಇಲ್ವೋ?"

"ಹಸಿದಿದ್ದೀನಿ" ಎಂದೆ. ಅವಳು ಬಡಿಸಿದಳು, ನಾನು ಅವಳ ಮುಖ ನೋಡುತ್ತಲೇ ಉಂಡೆ.