ಪಂಚಾಯಿತಿ ರೇಡಿಯೋದ ಗೂಢಚಾರಿಣಿ

“ಹೇಳು, ಯಾರು ನೀನು?” ಎಂದು ರೇಡಿಯೋ ನಾಟಕದಲ್ಲಿ ಶತ್ರು ಸೇನಾಧಿಕಾರಿ ಗದರಿಸುತ್ತಿದ್ದ. ಕೊನೆಯವರೆಗೂ ಗುಟ್ಟು ಬಾಯಿ ಬಿಡದ ಆ ಗೂಢಚಾರಿಣಿಯ ಪಾತ್ರ ನನ್ನದೇ. ನಾನು ಮಾತ್ರ ದೊಡ್ಡಬೆಳವಂಗಲದ ಪಂಚಾಯಿತಿ ಜಗಲಿಯಲ್ಲಿ, ಹೆಂಗಸರ ನಡುವೆ, ಏನೂ ಅರಿಯದವಳಂತೆ ಕುಳಿತಿದ್ದೆ. ಎಪ್ಪತ್ತರ ದಶಕದಲ್ಲಿ ಊರಿಗೆಲ್ಲ ಅದೊಂದೇ ರೇಡಿಯೋ. ನಾನು ಮೊದಲೇ ಬೆಂಗಳೂರಿಗೆ ಹೋಗಿ ಬೇರೆ ಹೆಸರಿನಲ್ಲಿ ಧ್ವನಿ ಕೊಟ್ಟು ಬಂದದ್ದು ಅಪ್ಪನಿಗಷ್ಟೇ ಗೊತ್ತಿತ್ತು. “ಮದ್ವೆ ಆಗ್ಬೇಕಾದ ಹುಡ್ಗಿ, ಊರಲ್ಲಿ ಯಾರ್ಗೂ ಗೊತ್ತಾಗ್ಕೂಡ್ದು” ಎಂಬ ಷರತ್ತಿನ ಮೇಲೆಯೇ ಅವರು ಒಪ್ಪಿದ್ದರು.

ನಾಟಕ ಮುಗಿದದ್ದೇ ತಡ, ಜಗಲಿಯಲ್ಲಿ ವಿಮರ್ಶೆ ಶುರುವಾಯಿತು. ಚೆನ್ನಾಗಿತ್ತು ಎಂದವರೇ ಹೆಚ್ಚು. ಪಕ್ಕದ ಮನೆಯ ಮುನಿಶಾಮಣ್ಣ ಮಾತ್ರ ಬೀಡಿ ಹಚ್ಚಿ ನಕ್ಕರು: “ಎಲ್ಲಾ ಸುಳ್ಳು ಕಣ್ರಪ್ಪಾ. ಹೆಂಗ್ಸಿನ ಬಾಯಲ್ಲಿ ಗುಟ್ಟು ನಿಲ್ತದಾ?”

ನನಗೆ ಮೈಯೆಲ್ಲ ಉರಿಯಿತು. ಆದರೂ ತುಟಿ ಬಿಚ್ಚಲಿಲ್ಲ. ಎದ್ದು ನಿಂತವರು ಅಪ್ಪ.

“ನಿಲ್ತದೆ ಕಣಯ್ಯಾ! ರೇಡಿಯೋದಲ್ಲಿ ಮಾತಾಡಿದ್ದು ನನ್ನ ಮಗಳು. ಇಷ್ಟ್ ದಿನದಿಂದ ನಿಮ್ಗ್ಯಾರಿಗಾದ್ರೂ ಬಾಯಿ ಬಿಟ್ಳಾ?”

ಶತ್ರು ಸೈನ್ಯಕ್ಕೂ ಸಿಗದ ಗುಟ್ಟನ್ನು ಅಪ್ಪನೇ ಊರ ಮುಂದೆ ಬಟಾಬಯಲು ಮಾಡಿಬಿಟ್ಟಿದ್ದರು. ಆಮೇಲೆ ಎಷ್ಟೋ ನಾಟಕಗಳ ಕೊನೆಯಲ್ಲಿ ನನ್ನ ನಿಜವಾದ ಹೆಸರೇ ರೇಡಿಯೋದಲ್ಲಿ ಬಂತು. ಅಪ್ಪನ ಆ “ನನ್ನ ಮಗಳು” ಎಂಬ ಮಾತಿನಷ್ಟು ಜೋರಾಗಿ ಮಾತ್ರ ಅದು ಯಾವತ್ತೂ ಕೇಳಿಸಲಿಲ್ಲ.