ಶಂಕ್ರವ್ವನ ಎಡಗೈ

ಶಂಕ್ರವ್ವನ ಬಲಗೈ ಒಣ ಮೆಣಸಿನಕಾಯಿಯ ಹಾಗೆ ಕೆಂಪು. ಎಡಗೈ ಮಾತ್ರ ಆಗಷ್ಟೇ ತೊಳೆದಂತೆ ಸ್ವಚ್ಛ. ಬ್ಯಾಡಗಿಯಲ್ಲಿ ನಾವು ಹೆಂಗಸರು ಒಂದೇ ಗೋದಾಮಿನಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆವು. ನಾವೆಲ್ಲ ಎರಡೂ ಕೈ ಹಾಕಿದರೆ, ಇವಳು ಹೆಬ್ಬೆರಳು ಒತ್ತಿ ಒಂದೇ ಕೈಯಲ್ಲಿ ಟಕ್ಕನೆ ಮುರಿಯುವಳು. ಎಡಗೈ ಮಡಿಲಲ್ಲಿ ಸುಮ್ಮನೆ ಮಲಗಿರುತ್ತಿತ್ತು.

"ಇದು ಕೂಸಿನ ಕೈ," ಎನ್ನುತ್ತಿದ್ದಳು. "ಮೊಲಿ ಕೊಡಾಕ ಒಂದು ಕೈಯರ ಖಾರ ಇಲ್ಲದ್ದು ಬೇಕಲ್ಲ."

ತನ್ನ ಮಕ್ಕಳು ಮೊಲೆ ಬಿಟ್ಟು, ದೊಡ್ಡವರಾಗಿ, ಮದುವೆಯಾದ ಮೇಲೂ ಆ ಕೈಗೆ ಖಾರ ತಾಗಿಸಲಿಲ್ಲ. ಯಾರ ಕೂಸು ಅತ್ತರೂ ಅದೇ ಕೈಯಿಂದ ಎತ್ತಿ ತಾಯಿಯ ಮಡಿಲಿಗೆ ಹಾಕುವಳು. ಹಾಕಿ ಸುಮ್ಮನಿರುವ ಪೈಕಿಯವಳಲ್ಲ.

"ಬಾಯಿ ತುಂಬ ಕೊಡಬೇ, ಬರೇ ತುದಿ ಕೊಟ್ಟರ ಹೆಂಗ? ಬೀಡಿ ಸೇದಾಕತ್ತೈತೇನು ಅದು?"

ಹಾಗಂತ ಎಲ್ಲ ತಿಳಿದವಳೇನಲ್ಲ. ಗಂಡನ ಮೇಲಿನ ಸಿಟ್ಟಿನಲ್ಲಿ ಹಾಲು ಕುಡಿಸಿದರೆ ಕೂಸು ಕಚ್ಚುವುದನ್ನು ಕಲಿಯುತ್ತದೆ ಎಂದು ನಂಬಿದ್ದಳು. ಅದು ಖರೆಯಾಗಿದ್ದರೆ ನನ್ನ ಮಕ್ಕಳು ಊರನ್ನೇ ಕಚ್ಚಿಕೊಂಡು ತಿರುಗಬೇಕಿತ್ತು.

ನನ್ನ ಮಗಳು ಸವಿತಾ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಮೂರು ತಿಂಗಳಾದಾಗ, ಹೊತ್ತು ಹೋಗುವುದಿಲ್ಲವೆಂದು ನಾನು ಮನೆಗೆ ತಂದ ಮೆಣಸಿನಕಾಯಿ ಚೀಲದ ಮುಂದೆ ತಾನೂ ಕೂತಳು. ಮಧ್ಯಾಹ್ನ ಕೈ ತೊಳೆದು ಬಂದು ಕೂಸನ್ನು ಎತ್ತಿಕೊಂಡಳು. ಅದು ಮೊಲೆಗೆ ಬಾಯಿ ಹಾಕಿದ್ದೇ ಚೀರಿ ಮುಖ ತಿರುಗಿಸಿತು. ಸಂಜೆಯೂ ಅದೇ ಕತೆ. ಮೊಮ್ಮಗಳನ್ನು ನೋಡಲು ಕುಪ್ಪೇಲೂರಿನಿಂದ ಬಂದಿದ್ದ ಸವಿತಾಳ ಅತ್ತೆ, "ಹಾಲು ಕೆಟ್ಟಾವ್ರಿ ಬೀಗರ, ಡಬ್ಬಿ ಹಾಲ ಗತಿ," ಎಂದು ಮಗನಿಗೆ ಫೋನು ಹಚ್ಚಿದರು.

ಸವಿತಾ ಕೂಸಿಗಿಂತ ಜೋರಾಗಿ ಅಳತೊಡಗಿದಳು. "ನನ್ನ ಹಾಲು ಇನ್ನ ಬ್ಯಾಡೇನವ್ವಾ ಇದಕ್ಕ?"

ನಾನು ಶಂಕ್ರವ್ವನನ್ನು ಕರೆಸಿದೆ. ಅವಳು ಬಂದವಳೇ, "ಅಳಬ್ಯಾಡ, ಹುಚ್ಚಿ," ಎಂದು ಸವಿತಾಳ ಸೆರಗು ಹಿಡಿದು ಅವಳದೇ ಕಣ್ಣು ಒರೆಸಿದಳು.

"ಯವ್ವಾ, ಕಣ್ಣು ಉರೀತಾವು," ಎಂದು ಸವಿತಾ ಎದ್ದು ಕುಣಿದಳು.

ಶಂಕ್ರವ್ವ ಸೆರಗು ಮೂಸಿದಳು. ನಾಲ್ಕು ಸಲ ಸೀನಿದಳು. ಆಮೇಲೆ ನಕ್ಕಳು ನೋಡಿ, ಹೊಟ್ಟೆ ಹಿಡಿದುಕೊಂಡು.

"ಹಾಲು ಕೆಟ್ಟಿಲ್ಲರಿ, ಸೆರಗು ಕೆಟ್ಟೈತಿ. ಖಾರದ ಕೈ ಒರಿಸಿದ ಸೆರಗಿನಿಂದನ ಮೊಲಿನೂ ಒರಿಸಿ ಕುಡಿಸ್ಯಾಳ."

ಎಣ್ಣೆ ಹಚ್ಚಿ, ಮೈ ತೊಳೆಸಿ, ಬೇರೆ ಸೀರೆ ಉಡಿಸಿದೆವು. ಕೂಸು ಮೊದಲು ಅನುಮಾನದಿಂದ ನೆಕ್ಕಿತು. ಆಮೇಲೆ ಹಿಡಿದಿದ್ದು ಬಿಡಲೇ ಇಲ್ಲ. ಬೀಗತಿ ಮತ್ತೆ ಫೋನು ತೆಗೆದರು. "ಡಬ್ಬಿ ಬ್ಯಾಡೋ. ಸೀರಿ ಒಗ್ಯಾಕ ಸಬಕಾರ ತಗೊಂಡು ಬಾ."

ವರ್ಷ ಕಳೆದು, ಕಣ್ಣು ಮಂಜಾದ ಮೇಲೆ ಶಂಕ್ರವ್ವ ಕೆಲಸ ಬಿಟ್ಟಳು. ಕೆಲವು ತಿಂಗಳ ನಂತರ ಮೇಡ್ಲೇರಿಯ ಮಗಳ ಮನೆಗೆ ಹೊರಟಳು. ಬಸ್ ನಿಲ್ದಾಣಕ್ಕೆ ನಾನು, ತವರಿಗೆ ಬಂದಿದ್ದ ಸವಿತಾ, ಈಗ ಓಡಾಡುವ ಮೊಮ್ಮಗಳು ಹೋಗಿದ್ದೆವು. ಶಂಕ್ರವ್ವ ರೂಢಿಯಂತೆ ಎಡಗೈ ಹಾಕಿ ಹುಡುಗಿಯನ್ನು ಎತ್ತಲು ನೋಡಿದಳು. ಹುಡುಗಿ ಒಂದೇ ಕೈಗೆ ಏಳಲಿಲ್ಲ. ಹಾಲು ಕುಡಿದು ಅಷ್ಟು ಗುಂಡಗಾಗಿದ್ದಳು.

ಶಂಕ್ರವ್ವ ಬಲಗೈಯನ್ನು ಮೂಗಿನ ಹತ್ತಿರ ಹಿಡಿದಳು. ನನಗೂ ಮೂಸಲು ಕೊಟ್ಟಳು. "ಖಾರ ಹೋಗೈತೇನ, ಖರೇ ಹೇಳು."

"ಹೋಗೈತಿ," ಎಂದೆ.

ಆಗ ಎರಡೂ ಕೈಯಿಂದ ಎತ್ತಿಕೊಂಡಳು. ಕಂಡಕ್ಟರ್ ಸೀಟಿ ಊದಿದರೂ ಇಳಿಸಲಿಲ್ಲ.