ಬೆಳ್ಳಿಗೇರಿದ ಬಣ್ಣ, ತುಳಸವ್ವನ ಕಣ್ಣು

ಸಾಂಗ್ಲಿಯ ಪೇಟೆ ಇನ್ನೂ ಪೂರ್ತಿ ಎದ್ದಿಲ್ಲ. ಅರಿಶಿನದ ಚೀಲ ಹೇರಿದ ಲಾರಿಯೊಂದು ಓಣಿಯಲ್ಲಿ ಹಿಂದೆ ಹಿಂದೆ ಸರಿಯುತ್ತಿದೆ. ಅರ್ಧ ಎತ್ತಿದ ಶಟರಿನ ಮುಂದೆ, ಅಂಗಡಿ ಕಟ್ಟೆಯ ಮೇಲೆ, ಉತ್ತರಕ್ಕೆ ಮುಖ ಮಾಡಿ ಹೆಂಗಸೊಬ್ಬರು ಒಂದು ಕಾಲು ನೀಡಿ ಕುಳಿತಿದ್ದಾರೆ. ತೊಡೆಯ ಮೇಲೆ ಒಗೆದ ಬಿಳಿ ಧೋತರದ ತುಂಡು. ಎರಡು ಬೆರಳುಗಳ ನಡುವೆ, ಅಂಚಿನಲ್ಲಷ್ಟೇ ಹಿಡಿದ ಒಂದು ಬೆಳ್ಳಿ ನಾಣ್ಯ. ಅದನ್ನು ಅವರು ಕೂದಲೆಳೆಯಷ್ಟು ಓರೆ ಮಾಡುತ್ತಾರೆ, ನೋಡುತ್ತಾರೆ, ಮತ್ತೆ ಓರೆ ಮಾಡುತ್ತಾರೆ.

“ಸ್ವಲ್ಪ ಆ ಕಡೆ ಸರೀರಿ,” ಎನ್ನುತ್ತಾರೆ ತಲೆ ಎತ್ತದೆ. “ನಿಮ್ಮ ಉಸರು ಬೆಳ್ಳಿಗೆ ಬಡೀತೈತಿ.”

ನಾನು ಸರಿದು ಕೂಡುತ್ತೇನೆ. ಬಿಸಿಲು ಬೀಳುವ ಮೊದಲಿನ ಈ ಬೆಳಕಿನಲ್ಲಿ ಮಾತ್ರ ಅವರು ನಾಣ್ಯ ನೋಡುವುದು. ಟ್ಯೂಬ್‌ಲೈಟಿನ ಕೆಳಗೆ ಯಾರು ತಂದಿಟ್ಟರೂ ಮುಟ್ಟುವುದಿಲ್ಲ. “ಲೈಟು ಎಲ್ಲಾದಕ್ಕೂ ತನ್ನ ಬಣ್ಣಾನ ಬಳೀತೈತ್ರಿ. ಮುಂಜಾನಿಗೆ ಬಳಿಯೋ ಚಟ ಇಲ್ಲ.”

ಇವರು ತುಳಸವ್ವ. ವಯಸ್ಸು ಅರವತ್ತರ ಆಚೀಚೆ. ಹುಟ್ಟಿದ್ದು ಮಿರಜ ತಾಲೂಕಿನ ಆರಗದ ಕುರುಬರ ಮನೆಯಲ್ಲಿ, ಈಗ ಇರುವುದು ಮಿರಜಿನಲ್ಲಿ. ದಿನಾ ಮೊದಲ ಬಸ್ಸಿಗೆ ಸಾಂಗ್ಲಿಗೆ ಬರುತ್ತಾರೆ. ಹಳೆಯ ನಾಣ್ಯದ ಮೇಲಿನ ಬಣ್ಣ ತಾನಾಗಿ ಏರಿದ್ದೋ, ಯಾರೋ ಏರಿಸಿದ್ದೋ ಎಂದು ಹೇಳುವುದು ಅವರ ಕೆಲಸ.

ಬೆಳ್ಳಿ ಇಟ್ಟಲ್ಲೇ ಕಪ್ಪಾಗುತ್ತದೆಂದು ನಮಗೆಲ್ಲ ಗೊತ್ತು. ಹಬ್ಬ ಬಂದಾಗ ಹುಣಸೆಹಣ್ಣು ಹಚ್ಚಿ ತಿಕ್ಕುತ್ತೇವೆ. ಆದರೆ ಕಪ್ಪಾಗುವ ಮೊದಲು ಬೆಳ್ಳಿ ಹಲವು ಬಣ್ಣಗಳನ್ನು ದಾಟಿ ಹೋಗುತ್ತದೆ, ಅದಕ್ಕೆ ಹತ್ತಾರು ವರ್ಷ ಹಿಡಿಯುತ್ತದೆ. ನಾಣ್ಯ ಸಂಗ್ರಹಿಸುವವರು ಸೋಲುವುದು ಈ ಬಣ್ಣಕ್ಕೆ. ಅದರಲ್ಲೂ ಅಮೆರಿಕದ ಹಳೆಯ ಬೆಳ್ಳಿ ಡಾಲರಿಗೆ ಬಣ್ಣ ಚೆಂದ ಏರಿದ್ದರೆ ಕೇಳಿದ ಬೆಲೆ. ನಮ್ಮ ಹಳೆಯ ರೂಪಾಯಿಗಿಂತ ದೊಡ್ಡದು ಅದು. ಒಂದು ಬದಿಗೆ ಹೆಂಗಸಿನ ಮುಖ, ಇನ್ನೊಂದು ಬದಿಗೆ ಹದ್ದು. ಬೆಲೆ ಇದ್ದಲ್ಲಿ ಮೋಸವೂ ಇರುತ್ತದೆ. ಗಂಧಕದ ಹೊಗೆ ಕೊಟ್ಟು ಒಂದೇ ಸಂಜೆಯಲ್ಲಿ ಬಣ್ಣ ಬರಿಸುವವರಿದ್ದಾರೆ.

ಅಮೆರಿಕದ ಡಾಲರ್ ಸಾಂಗ್ಲಿಗೆ ಹೇಗೆ ಬಂತು ಎಂದು ನಾನೂ ಕೇಳಿದೆ. ಮಿರಜಿನ ಮಿಷನ್ ದವಾಖಾನೆಗೆ ಒಂದು ಕಾಲಕ್ಕೆ ಅಲ್ಲಿಂದ ಡಾಕ್ಟರುಗಳು ಬರುತ್ತಿದ್ದರು. ಹಬ್ಬಕ್ಕೆ, ಮದುವೆಗೆ, ಬಿಟ್ಟು ಹೋಗುವಾಗ ಪರಿಚಯದವರ ಕೈಯಲ್ಲಿ ಒಂದೊಂದು ಡಾಲರ್ ಇಟ್ಟು ಹೋದರು. ಅವು ಈಗಲೂ ಈ ಊರುಗಳ ಟ್ರಂಕುಗಳ ತಳದಲ್ಲಿವೆ.

ತುಳಸವ್ವ ಈ ಕೆಲಸಕ್ಕೆ ಬಿದ್ದದ್ದು ಅಕ್ಷರಶಃ ಬಿದ್ದೇ. ಗಂಡ ಧೋಂಡಿಬಾ ಅವರ ಜೊತೆ ಕುರಿ ಹಿಂಡಿನ ಹಿಂದೆ ಊರೂರು ತಿರುಗುತ್ತಿದ್ದವರು ಒಮ್ಮೆ ಕಾಲುವೆಯ ಒಡ್ಡಿನಿಂದ ಜಾರಿದರು. ಮೊಣಕಾಲು ಮತ್ತೆ ಸರಿಯಾಗಿ ಮಡಚಲಿಲ್ಲ. ಹಿಂಡು ಮುಂದೆ ಹೋಯಿತು, ಇವರು ಮಿರಜಿನಲ್ಲಿ ಉಳಿದರು. ಸಾಂಗ್ಲಿಯ ಹಳೆಯ ನಾಣ್ಯದ ವ್ಯಾಪಾರಿ ಪಾರಿಸ ಕಾಕಾ ಅಂಗಡಿಯಲ್ಲಿ ಕಸ ಹೊಡೆಯುವ, ಬೆಳ್ಳಿ ತಿಕ್ಕುವ ಕೆಲಸ ಸಿಕ್ಕಿತು. ಆಗ ಕಾಕಾ ಕೂಡ ಎಲ್ಲವನ್ನೂ ತಿಕ್ಕಿಸಿಯೇ ಮಾರುತ್ತಿದ್ದರಂತೆ.

“ಒಂದಿನ ಮುಂಬೈದಾಂವ ಒಬ್ಬ ಬಂದ್ರಿ. ನಾ ಫಳಫಳ ತಿಕ್ಕಿ ಇಟ್ಟದ್ದು ಎಲ್ಲಾ ಬಾಜೂಕ ಸರಿಸಿದ. ನಾ ಇನ್ನೂ ಕೈ ಹಚ್ಚದ ಒಂದು ಮಬ್ಬ ನಾಣ್ಯ ಇತ್ತು, ಅದನ್ನೇ ಎತಗೊಂಡು ಹೋದ. ನನಗ ರಾತ್ರಿ ಊಟ ಸೇರಲಿಲ್ಲ. ಹೊಳಿಯೂದು ಬಿಟ್ಟು ಮಬ್ಬಂದು ಯಾಕ ಒಯ್ದ? ಕೇಳೇ ಬಿಡಬೇಕಂತ ಮರುದಿನ ಕಾಕಾಗ ಕೇಳಿದ್ನಿ.”

ಪಾರಿಸ ಕಾಕಾಗೂ ಆಗ ಪೂರ್ತಿ ಗೊತ್ತಿರಲಿಲ್ಲ. ಇಬ್ಬರೂ ಸೇರಿ ನೋಡುತ್ತಾ ಕಲಿತರು. ಮುಂದೆ ಕಾಕಾ ಅವರ ಕಣ್ಣಿಗೆ ಪೊರೆ ಬಂತು. ಅವರು ನಾಣ್ಯವನ್ನು ತುಳಸವ್ವನ ಕೈಗಿಟ್ಟು “ಯಾವ ಬಣ್ಣ ಹೇಳವ್ವಾ” ಎನ್ನತೊಡಗಿದರು. ಇವರು ತಮಗೆ ಗೊತ್ತಿದ್ದ ಹೆಸರು ಹೇಳಿದರು. ಆ ಹೆಸರುಗಳೇ ಇಂದಿಗೂ ಅಂಗಡಿಯ ಭಾಷೆ.

“ಮೊದಲ ತೆಳ್ಳಗ ಅರಿಶಿಣ ಬರತೈತಿ. ಆಮ್ಯಾಲ ಬೆಲ್ಲ. ಆಮ್ಯಾಲ ಬದನಿಕಾಯಿ. ಕಡೀಕ ನವಿಲಿನ ಕುತಗಿ. ಒಂದರ ಕೈ ಒಂದು ಹಿಡಕೊಂಡ ಬರಬೇಕ್ರಿ. ಬೆಲ್ಲ ಇಲ್ಲದ ಒಮ್ಮಿಗೇ ಬದನಿಕಾಯಿ ಬಂತು ಅಂದ್ರ ನನಗ ಸಂಶೆ.” ಇಷ್ಟಾದ ಮೇಲೆ ನಾಣ್ಯವನ್ನು ಓರೆ ಮಾಡಿ, ಬಣ್ಣದ ಕೆಳಗೆ ಹೊಳಪು ಹರಿದಾಡುತ್ತದೋ ನೋಡುತ್ತಾರೆ. ಸುಳ್ಳು ಬಣ್ಣ ಆ ಹೊಳಪನ್ನು ಮುಚ್ಚಿಬಿಡುತ್ತದೆ.

ಪಾರಿಸ ಕಾಕಾ ಈಗ ಒಳಗಿನ ಗಾದಿಯ ಮೇಲೆ ಕುಳಿತು ದನಿಯಿಂದಲೇ ಗಿರಾಕಿಗಳನ್ನು ಗುರುತಿಸುತ್ತಾರೆ. “ಅಕಿ ‘ಹೌದು’ ಅಂದದ್ದಕ್ಕಿಂತ ‘ಗೊತ್ತಿಲ್ಲ’ ಅಂದದ್ದಕ್ಕ ನಾ ಹೆಚ್ಚಿಗಿ ನಂಬತೇನಿ,” ಎನ್ನುತ್ತಾರೆ. ಯಾಕೆ ಎಂದು ಕೇಳಿದ್ದಕ್ಕೆ ಬುಧಗಾಂವದ ಡಾಲರಿನ ಕಥೆ ತೆಗೆದರು.

ಬುಧಗಾಂವದ ಸಣ್ಣ ಸಹಕಾರಿ ಬ್ಯಾಂಕೊಂದು ದೊಡ್ಡ ಬ್ಯಾಂಕಿನಲ್ಲಿ ವಿಲೀನವಾದ ಚಳಿಗಾಲ ಅದು. ಹಳೆಯ ಶಾಖೆ ಮುಚ್ಚುತ್ತದೆ, ಲಾಕರಿನಲ್ಲಿದ್ದದ್ದು ಒಯ್ಯಿರಿ ಎಂದು ಎಲ್ಲರಿಗೂ ಹೇಳಿ ಕಳಿಸಿದ್ದರು. ಯಾವ ಕಾಲದಲ್ಲೋ ಇಟ್ಟು ಮರೆತದ್ದು ಬೆಳಕಿಗೆ ಬಂತು. ಊರಿನ ಜೈನ ಮನೆತನದ ವಿಧವೆ ಚಂದ್ರಾಬಾಯಿ, ಮೈದುನನ ಮಗ ದಿಲೀಪನನ್ನು ಕರೆದುಕೊಂಡು ಹೋಗಿ ಲಾಕರ್ ತೆರೆಸಿದರು. ಒಳಗಿದ್ದವು ಅವರ ಮಾವನವರ ಬೆಳ್ಳಿ ಡಾಲರ್. ಮಾವ ಮಿರಜಿನ ಡಾಕ್ಟರರ ಬಂಗಲೆಗೆ ತರಕಾರಿ ಒಯ್ದು ಕೊಡುತ್ತಿದ್ದರು. ಕ್ರಿಸ್‌ಮಸ್ಸಿಗೊಂದರಂತೆ ಡಾಲರ್ ಸಿಗುತ್ತಿತ್ತು.

ಬ್ಯಾಂಕಿನಲ್ಲಿ ಸಂಜೆಯಾಗಿತ್ತು. ನಾಣ್ಯಗಳನ್ನು ಒಂದು ಸ್ಟೀಲಿನ ಡಬ್ಬಿಗೆ ಸುರಿದು, ರಾತ್ರಿ ತನ್ನ ಕಪಾಟಿನಲ್ಲಿಟ್ಟು, ಮರುದಿನ ಪಾರಿಸ ಕಾಕಾ ಅಂಗಡಿಗೆ ತಂದವನು ದಿಲೀಪ. ಮಕ್ಕಳಿಲ್ಲದ ಚಂದ್ರಾಬಾಯಿಗೆ ಅವನೇ ಮಗ. ಅವನಿಗೆ ಒಣದ್ರಾಕ್ಷಿಯ ಶೆಡ್ ಇದೆ. ದ್ರಾಕ್ಷಿಗೆ ಬಣ್ಣ ಬರಲೆಂದು ಅಲ್ಲಿ ಗಂಧಕದ ಹೊಗೆ ಕೊಡುತ್ತಾರೆ. ಆಗ ಯಾರೂ ಅದನ್ನು ಯೋಚಿಸಿರಲಿಲ್ಲ.

ತುಳಸವ್ವ ಮೊದಲು ಕೇಳಿದ್ದು ಒಂದೇ ಮಾತು. “ತೊಳದೀರೇನ್ರಿ?”

“ಇಲ್ಲವ್ವಾ. ಹೆಂಗಿದ್ದೂವು ಹಂಗ ತಂದೇವಿ,” ಎಂದರು ಚಂದ್ರಾಬಾಯಿ.

ಆ ಹೊತ್ತಿಗೆ ಅಂಗಡಿಯಲ್ಲಿ ಮುಂಬೈನ ಸಂಗ್ರಾಹಕರೊಬ್ಬರಿದ್ದರು, ಅವನ್ನು ಕೊಳ್ಳಲು ಮುಂದೆ ಬಂದರು. ತುಳಸವ್ವ ಒಂದೊಂದಾಗಿ ನೋಡಿ “ತಾನಾಗಿ ಏರಿದ್ದು” ಎಂದು ಬದಿಗಿಡುತ್ತ ಹೋದರು. ಕೊನೆಯದನ್ನು ಮಾತ್ರ ಮತ್ತೆ ಮತ್ತೆ ತಿರುಗಿಸಿದರು. ಹದ್ದಿನ ಬದಿಗೆ ನವಿಲುಗತ್ತಿನ ನೀಲಿ, ಕಣ್ಣು ಕೀಳಲಾಗದಷ್ಟು ಚೆಂದ. ಆದರೆ ಆ ನೀಲಿಯ ಮೇಲೆ ಅಡ್ಡ, ಉದ್ದ ಗೆರೆಗಳು, ಜರಡಿಯ ಹಾಗೆ. ಹದ್ದಿನ ರೆಕ್ಕೆಯ ಹತ್ತಿರ ಒಂದು ಗೆರೆ ಗಂಟಿನಂತೆ ದಪ್ಪ.

ಮುಂಬೈನವರು ಭೂತಗನ್ನಡಿ ಹಿಡಿದು ನೋಡಿ ನಕ್ಕುಬಿಟ್ಟರು. ಇದು ಮಾಡಿದ್ದು, ಬಟ್ಟೆ ಸುತ್ತಿ ಗಂಧಕದ ಹೊಗೆ ಕೊಟ್ಟಿದ್ದಾರೆ, ಒಂದು ಹೀಗಿದ್ದರೆ ಉಳಿದವನ್ನು ಹೇಗೆ ನಂಬಲಿ ಎಂದು ಮರಾಠಿಯಲ್ಲಿ ಹೇಳಿದರು. ಗಂಧಕ ಎಂಬ ಮಾತು ಬಿದ್ದದ್ದೇ ತಡ, ಚಂದ್ರಾಬಾಯಿ ದಿಲೀಪನ ಕಡೆ ತಿರುಗಿದರು.

“ದಿಲೀಪಾ, ರಾತ್ರಿ ನಿನ್ನ ಕಡೇನ ಇದ್ದೂವಲ್ಲೋ. ಏನಾರ ಮಾಡಿಯೇನು?”

“ಮಾವಶಿ, ನೀ ಕೇಳಾಕತ್ತೀ ನನಗ?” ಎಂದ ದಿಲೀಪ. ಚಿಕ್ಕಂದಿನಿಂದ ಅವನು ದೊಡ್ಡಮ್ಮನನ್ನು ಕರೆಯುವುದೇ ಹಾಗೆ. ಮೆಟ್ಟು ಮೆಟ್ಟಿಕೊಂಡು ಹೊರಟುಹೋದ. ಬೈಕ್ ಶುರುವಾದ ಸದ್ದು ಓಣಿಯ ಕೊನೆಯವರೆಗೂ ಕೇಳಿಸಿತಂತೆ.

ಎಲ್ಲರೂ ತುಳಸವ್ವನ ಮುಖ ನೋಡಿದರು. ತಾನಾಗಿ ಏರಿದ್ದೆಂದರೆ ವ್ಯಾಪಾರ, ಏರಿಸಿದ್ದೆಂದರೆ ಹುಡುಗನ ಮೇಲೆ ಮೋಸಗಾರನೆಂಬ ಹೆಸರು. ಅವರು ಹೇಳಿದ್ದು ಮೂರನೆಯದು. “ನನಗ ಗೊತ್ತಾಗವಲ್ದ್ರಿ. ಬಣ್ಣ ಖರೇ ಅಂತೈತಿ, ಗೆರಿ ಸುಳ್ಳ ಅಂತೈತಿ. ನಾಕ ದಿನ ಬಿಡ್ರಿ.”

ಮುಂಬೈನವರು ಏನನ್ನೂ ಕೊಳ್ಳದೆ ಹೋದರು. ದಿಲೀಪ ಮಾವಶಿಯ ಮನೆಗೆ ಬರುವುದನ್ನು ಬಿಟ್ಟ. ಚಂದ್ರಾಬಾಯಿ ಎರಡೂ ಹೊತ್ತು ಬಾಗಿಲಿಗೆ ಬಂದು ನಿಂತು ಒಳಗೆ ಹೋಗುತ್ತಿದ್ದರು.

“ನನಗ ನಿದ್ದಿ ಬರಲಿಲ್ರಿ,” ಎನ್ನುತ್ತಾರೆ ತುಳಸವ್ವ. “ನಾ ಸುಳ್ಳ ಅಂದಿಲ್ಲ, ಆದರ ಖರೇ ಅಂತನೂ ಅಂದಿಲ್ಲಲ್ಲಾ. ಪೋರನ ಹೆಸರು ನನ್ನ ನಾಲಗಿ ಮ್ಯಾಲ ನಿಂತಿತ್ತು.”

ಆ ಡಾಲರನ್ನು ಧೋತರದ ತುಂಡಿನಲ್ಲಿ ಸುತ್ತಿ ಸೆರಗಿಗೆ ಕಟ್ಟಿಕೊಂಡು, ಕುಂಟುತ್ತ ಬಸ್ಸು ಹತ್ತಿ ಅವರೇ ಬುಧಗಾಂವಕ್ಕೆ ಹೋದರು. ಚಂದ್ರಾಬಾಯಿಗೆ ಚಹಾ ಇಡಲೂ ಬಿಡದೆ ಕೇಳಿದರು: ಲಾಕರಿನಲ್ಲಿ ನಾಣ್ಯ ಹೇಗಿದ್ದವು? ಒಂದರ ಮೇಲೊಂದು ಪೇರಿಸಿ ಕಾಗದ ಸುತ್ತಿತ್ತು, ತಳದಲ್ಲಿ ಕಾಗದ ಹರಿದಿತ್ತು ಎಂದರು ಚಂದ್ರಾಬಾಯಿ. ಕಾಗದದ ಹೊರಗೆ ಏನಿತ್ತು? “ಏನೋ ಹಳೇ ಕಂಬಳಿ ತುಂಡು ಇತ್ತವ್ವಾ. ಮಾವನವರು ಟ್ರಂಕಿನ್ಯಾಗ ಇಟ್ಟಾಗಿಂದ ಅದರಾಗ ಇದ್ದೂವು. ಧೂಳ ಅಂತ ನಾ ಅಲ್ಲೇ ಬಾಜೂಕ ಒಗದ್ನಿ. ದಿಲೀಪ ಎತಗೊಂಡ ಕಾಣಸ್ತೈತಿ, ಗಾಡಿ ಒರಸಾಕ.”

ಕಂಬಳಿ ಎಂದದ್ದೇ ತುಳಸವ್ವ ಎದ್ದು ನಿಂತರು. ಉಣ್ಣೆ ಬೆಳ್ಳಿಗೆ ಏನು ಮಾಡುತ್ತದೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಆರಗದಲ್ಲಿ ಅವರವ್ವನ ಬೆಳ್ಳಿ ಕಡಗ ಕಂಬಳಿ ಗಂಟಿನಲ್ಲಿ ಒಂದು ಮಳೆಗಾಲ ಕಳೆದರೆ ಮಬ್ಬಾಗಿ ಹೊರಗೆ ಬರುತ್ತಿತ್ತು.

ದ್ರಾಕ್ಷಿ ಶೆಡ್ಡಿನಲ್ಲಿ ದಿಲೀಪ ಮುಖ ಕೊಟ್ಟು ಮಾತಾಡಲಿಲ್ಲ. “ತಪಾಸಣಿಗೆ ಬಂದೀರೇನು? ನೋಡ್ರಿ, ಅಲ್ಲೈತಿ ಗಂಧಕ.”

“ಗಂಧಕ ಯಾರಿಗೆ ಬೇಕಪ್ಪಾ. ಕಂಬಳಿ ತುಂಡು ಎಲ್ಲೈತಿ?”

ಅದು ಬೈಕಿನ ಪಕ್ಕದ ಡಬ್ಬಿಯಲ್ಲಿ ಮಡಿಚಿದ ಹಾಗೇ ಇತ್ತು. ಇನ್ನೂ ಒರೆಸಲು ಬಳಸಿರಲಿಲ್ಲ. ತುಳಸವ್ವ ಅದನ್ನು ಶೆಡ್ಡಿನ ಬಾಗಿಲಲ್ಲಿ ಬೆಳಕಿಗೆ ಹಾಸಿದರು. ಕೈಯಲ್ಲಿ ನೂತು ನೇಯ್ದ ಕರಿ ಕಂಬಳಿ. ಒಂದು ಕಡೆ, ನೇಯುವಾಗ ಹರಿದ ಎಳೆಯನ್ನು ಕಟ್ಟಿದ ಗಂಟು. ಅದರ ಸುತ್ತ, ದಿಟ್ಟಿಸಿದರೆ ಮಾತ್ರ ಕಾಣುವ ದುಂಡನೆಯ ಗುರುತು. ಸೆರಗಿನ ಗಂಟಿನಿಂದ ಡಾಲರ್ ತೆಗೆದು ಆ ಗುರುತಿನ ಪಕ್ಕ ಇಟ್ಟರು. ಅಷ್ಟೇ ಅಗಲ. ನೂಲಿನ ಗಂಟು ಇದ್ದಲ್ಲೇ ಹದ್ದಿನ ರೆಕ್ಕೆಯ ಪಕ್ಕದ ದಪ್ಪ ಗೆರೆ. ಹರಿದ ಕಾಗದದಿಂದ ತಳದ ನಾಣ್ಯವೊಂದು ಉಣ್ಣೆಗೆ ತಾಗಿಕೊಂಡು ಅಷ್ಟು ವರ್ಷ ಮಲಗಿತ್ತು. ಎಳೆಎಳೆಯಾಗಿ ಕಂಬಳಿ ತನ್ನ ನೇಯ್ಗೆಯನ್ನು ಬೆಳ್ಳಿಯ ಮೇಲೆ ಬರೆದುಬಿಟ್ಟಿತ್ತು.

ದಿಲೀಪ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. “ಹೇ ಕಸಂ ಝಾಲಂ?”, ಇದು ಹೇಗಾಯಿತು, ಎಂದು ಮರಾಠಿಯಲ್ಲಿ ತನಗೆ ತಾನೇ ಅಂದುಕೊಂಡ. ಸಿಟ್ಟು ಎಲ್ಲಿ ಹೋಯಿತೋ. ಇಬ್ಬರೂ ನೆಲದ ಮೇಲೆ ಕುಳಿತು ಗೆರೆಗೆ ಗೆರೆ ಕೂಡಿಸುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಚಂದ್ರಾಬಾಯಿ ತುಳಸವ್ವನ ಹಿಂದೆಯೇ ನಡೆದು ಬಂದಿದ್ದರು. ನಾಣ್ಯದ ಕಡೆ ಅವರು ನೋಡಲೇ ಇಲ್ಲ.

“ನಡಿ ಮನೀಗೆ,” ಎಂದರು. “ನಿನಗ ಕೇಳಬಾರದಿತ್ತು ನಾ. ಕೇಳಿದ್ನಿ. ನಡಿ, ಉಣ್ಣು ನಡಿ.”

ದಿಲೀಪ ಎದ್ದು ಕೈ ಜಾಡಿಸಿಕೊಂಡ. “ಮೊದಲ ಇದನ್ನ ನೋಡ ಬಾ ಮಾವಶಿ,” ಎಂದ.

ಮುಂಬೈನವರು ಮತ್ತೆ ಬಂದರು. ಕಂಬಳಿಯನ್ನೂ ನಾಣ್ಯವನ್ನೂ ಪಕ್ಕಪಕ್ಕ ಇಟ್ಟು, ತಮ್ಮ ಭೂತಗನ್ನಡಿಯಲ್ಲಿ ನೋಡಿ, ತುಳಸವ್ವನಿಗೆ ಕೈ ಮುಗಿದರು. ಉಳಿದ ಡಾಲರುಗಳಿಗೆಲ್ಲ ಒಳ್ಳೆಯ ಬೆಲೆ ಕೊಟ್ಟರು. ಗೆರೆಯ ನಾಣ್ಯಕ್ಕೆ ಎಲ್ಲಕ್ಕಿಂತ ಹೆಚ್ಚು ಹೇಳಿದರಾದರೂ ಚಂದ್ರಾಬಾಯಿ ಅದನ್ನು ಕೊಡಲಿಲ್ಲ. ಅದು ಮತ್ತು ಆ ಕಂಬಳಿ ತುಂಡು ಈಗ ದಿಲೀಪನ ಮನೆಯಲ್ಲಿವೆ.

ಬಿಸಿಲು ಕಟ್ಟೆಗೆ ಬಂದಿದೆ. ಇವತ್ತಿನ ನೋಡುವ ಕೆಲಸ ಮುಗಿಯಿತು. ಇನ್ನು ಕಸ ಹೊಡೆಯುವುದು, ನೀರು ತುಂಬುವುದು. ಅವನ್ನು ತುಳಸವ್ವ ಇಂದಿಗೂ ಬಿಟ್ಟಿಲ್ಲ. ವರ್ಷಕ್ಕೊಮ್ಮೆ ಹಿಂಡು ಈ ದಾರಿಯಲ್ಲಿ ಬಂದಾಗ ಧೋಂಡಿಬಾ ಅಂಗಡಿಯ ಮುಂದೆ ನಿಂತು ನಗುತ್ತಾರಂತೆ: “ನಾ ಕುರಿ ಕಾಯತೇನಿ, ನೀ ಹದ್ದ ಕಾಯತಿ.” ಈ ಕೆಲಸ ಯಾರಿಗಾದರೂ ಕಲಿಸುತ್ತೀರಾ ಎಂದರೆ, ಕಲಿಯುವವರಿಗೆ ಪುರಸೊತ್ತಿಲ್ಲ ಎನ್ನುತ್ತಾರೆ. ಬೇಸರದಿಂದಲ್ಲ, ಮಳೆ ಬರಲಿಲ್ಲ ಎನ್ನುವಷ್ಟು ಸಹಜವಾಗಿ.

ನಿಮಗೇನಾದರೂ ಆಸೆ ಇದೆಯೇ ಎಂದು ಹೊರಡುವ ಮೊದಲು ಕೇಳಿದೆ. ಪೊರಕೆ ಹಿಡಿದ ಕೈ ನಿಂತಿತು.

“ಒಂದ ಐತ್ರಿ. ನಾ ನೋಡಿದ್ದೆಲ್ಲಾ ಬಣ್ಣ ಏರಿದ್ದು, ಇಲ್ಲಾ ಯಾರೋ ತಿಕ್ಕಿದ್ದು. ಟಂಕಸಾಲಿಯಿಂದ ಹೊರಗ ಬಿದ್ದ ದಿನಾ ಹೆಂಗಿತ್ತೋ ಹಂಗ ಇರೂ ಒಂದು ಡಾಲರ್, ಯಾರೂ ಮುಟ್ಟಿರಬಾರದು, ಗಾಳೀನೂ ಬಡದಿರಬಾರದು, ಅಂಥಾದ್ದು ಒಂದ ಸಲ ಕಣ್ಣಿಲೆ ನೋಡಬೇಕ್ರಿ. ಕೈಯಾಗ ಕೊಡಬ್ಯಾಡ್ರಿ, ದೂರಿಂದ ತೋರಿಸಿದರೂ ಸಾಕು. ಇಷ್ಟ ವರ್ಷ ಇವು ಎಲ್ಲಿಗೆ ಬಂದ ಮುಟ್ಟ್ಯಾವ ಅನ್ನೂದು ಹೇಳಕೋತ ಬಂದೇನಿ. ಎಲ್ಲಿಂದ ಹೊಂಟಿದ್ದೂವು ಅನ್ನೂದು ನಾ ಇನ್ನೂ ನೋಡೇ ಇಲ್ಲ.”